ಸವೆದ ಚೊಂಬಿನ ಹೆಸರು

ಹುಣಸೆಹಣ್ಣು ಹಾಕಿ ಹಿತ್ತಾಳೆ ಉಜ್ಜುವ ವಾಸನೆ ಬಂದರೆ ಈಗಲೂ ನನಗೆ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ನಾವು ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನಲ್ಲಿದ್ದೆವು. ಪುಸ್ತಕದ ಅಕ್ಷರ ಅಕ್ಕನ ಕಣ್ಣಿಗೆ ನಿಲ್ಲುತ್ತಿರಲಿಲ್ಲ; ಶಾಲೆಯವರು ಕೈಬಿಟ್ಟಿದ್ದರು. ಅಮ್ಮನೇ ಮನೆಯಲ್ಲಿ, ಪಾತ್ರೆಗಳ ಮೇಲೆ ಕೊರೆಸಿದ ಹೆಸರುಗಳನ್ನು ಬೆರಳಿನಿಂದ ಸವರಿಸಿ ಓದು ಕಲಿಸುತ್ತಿದ್ದಳು.

ಆ ಮಧ್ಯಾಹ್ನ ಅಮ್ಮ ಉಜ್ಜಿಟ್ಟ ಚೊಂಬನ್ನು ಅಕ್ಕ ತಾನಾಗಿ ಎತ್ತಿಕೊಂಡಳು. ನಾವು ದಿನಾ ನೀರು ಕುಡಿಯುತ್ತಿದ್ದ ಚೊಂಬು. ಅದರ ಮೇಲಿನ ಹೆಸರು ಸವೆದು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಅಕ್ಕ ಕಣ್ಣು ಮುಚ್ಚಿ ಸವರಿದಳು.

"ಕ... ಮ... ಲ. ಕಮಲ ಯಾರಮ್ಮ?"

ಅಮ್ಮನ ಹೆಸರು ಜಯಮ್ಮ. ಉಜ್ಜುತ್ತಿದ್ದ ಕೈ ನಿಂತಿತು.

"ನಿಮ್ಮಿಬ್ರನ್ನೂ ಹೆತ್ತ ತಾಯಿ ಕಣಮ್ಮ."

ನಾನು ಅಮ್ಮನ ಮುಖ ನೋಡಿದೆ. ಯಾರದೋ ಮುಖದ ಹಾಗಿತ್ತು.

ಅವಳು ಅಕ್ಕನ ಬೆರಳನ್ನು ಮತ್ತೆ ಮೊದಲ ಅಕ್ಷರದ ಮೇಲಿಟ್ಟಳು.

"ಸರಿಯಾಗೇ ಓದ್ದೆ. ಇನ್ನೊಂದ್ ಸಲ ಓದು."