ಮಾಳಿಗೆಯ ಮೇಲೆ ಸುಟ್ಟ ಪಿಜ್ಜಾ

ಗದಗಿನ ಒಂದು ಸಣ್ಣ ಮನೆಯ ಕಥೆ ಇದು... ಅವಸರವಿಲ್ಲದಾಗ ಓದಿ.

ಮಹಾನಂದಾ ಆ ಮನೆಗೆ ಎರಡನೇ ಹೆಂಡತಿಯಾಗಿ ಬಂದಾಗ ಅವಳಿಗೆ ಮೂವತ್ತೆಂಟು ವರ್ಷ. ಗಂಡ ಶಿವಾನಂದನ ಮಗಳು ಸೃಷ್ಟಿಗೆ ಹನ್ನೊಂದು.

ಸೃಷ್ಟಿಯ ತಾಯಿ ಭುವನಾ ಜ್ವರವೆಂದು ಆಸ್ಪತ್ರೆಗೆ ಹೋದವಳು ಮನೆಗೆ ಮರಳಿರಲಿಲ್ಲ. ಅದಾಗಿ ಎರಡು ವರ್ಷ ಕಳೆದಿತ್ತು.

ಹುಡುಗಿ ಹಟಮಾರಿಯೇನಲ್ಲ. ಜಡೆ ಹಾಕಿಸಿಕೊಳ್ಳುತ್ತಿದ್ದಳು, ಹೋಂವರ್ಕ್ ತೋರಿಸುತ್ತಿದ್ದಳು, "ಆಂಟಿ" ಎಂದು ಮೆಲ್ಲಗೆ ಕರೆಯುತ್ತಿದ್ದಳು...

ಆದರೆ ತಾನಾಗಿ ಏನನ್ನೂ ಕೇಳುತ್ತಿರಲಿಲ್ಲ.

ಒಂದು ದಿನ ಶಿವಾನಂದ ಹೇಳಿದ. "ಆಲೂಗಡ್ಡಿ ಸ್ಯಾಂಡ್‌ವಿಚ್ ಅಂದ್ರ ಸೃಷ್ಟಿ ಜೀವಾನ ಬಿಡ್ತಿದ್ಲು. ರವಿವಾರಕ್ಕೊಮ್ಮೆ ಅವರವ್ವ ಮಾಡ್ತಿದ್ಲು. ಅಕಿ ಹೋದ ಮ್ಯಾಲೆ ಮನ್ಯಾಗ ಯಾರೂ ಮಾಡಿಲ್ಲ."

ಮಹಾನಂದಾ ಮರುದಿನವೇ ಭುವನಾಳ ಅಕ್ಕನಿಗೆ ಫೋನ್ ಮಾಡಿದಳು. ಕೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಳು.

ಕೊತ್ತಂಬರಿ ಚಟ್ನಿಗೆ ಎರಡು ಎಸಳು ಬೆಳ್ಳುಳ್ಳಿ. ಪಲ್ಯಕ್ಕೆ ಚಿಟಿಕೆ ಅಜವಾನ. ಬ್ರೆಡ್ಡಿಗೆ ಬೆಣ್ಣೆಯಲ್ಲ, ತುಪ್ಪ...

ಅಟ್ಟದ ಮೇಲಿದ್ದ ಭುವನಾಳ ಉದ್ದ ಹಿಡಿಕೆಯ ಟೋಸ್ಟರ್ ಇಳಿಸಿ, ತಿಕ್ಕಿ ತೊಳೆದು, ಭಾನುವಾರ ಬಿಸಿಬಿಸಿ ಸ್ಯಾಂಡ್‌ವಿಚ್ ಮಾಡಿಟ್ಟಳು.

ಸೃಷ್ಟಿ ಒಂದು ತುತ್ತು ಕಚ್ಚಿದಳು. ನಿಧಾನವಾಗಿ ಅಗಿದಳು. ಆಮೇಲೆ ತಟ್ಟೆ ಸರಿಸಿದಳು. "ಹಸಿವಿಲ್ರಿ ಆಂಟಿ."

ಎಲ್ಲೋ ತಪ್ಪಾಗಿದೆ ಅಂದುಕೊಂಡಳು ಮಹಾನಂದಾ. ಮತ್ತೆ ಫೋನ್ ಮಾಡಿ ಕೇಳಿದಳು. ಮುಂದಿನ ಭಾನುವಾರ ಇನ್ನಷ್ಟು ಶ್ರದ್ಧೆಯಿಂದ ಮಾಡಿದಳು... ಅದರ ಮುಂದಿನ ಭಾನುವಾರವೂ ಮಾಡಿದಳು.

ನಾಲ್ಕನೇ ಸಲ ಹುಡುಗಿ ತಟ್ಟೆಯನ್ನು ಮುಟ್ಟಲೂ ಇಲ್ಲ. ವಾಸನೆ ಬಂದದ್ದೇ ತಡ, ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಸಂಜೆ ಮಹಾನಂದಾ ಸಿಂಕಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದಳು. ನೀರು ಕುಡಿಯಲು ಬಂದ ಸೃಷ್ಟಿ ನೋಡಿಬಿಟ್ಟಳು.

"ನನ್ನ ಸಲುವಾಗಿ ಅಳಾಕತ್ತೀರೇನ್ರಿ?"

"ಇಲ್ಲವ್ವ... ಎಷ್ಟ್ ಮಾಡಿದ್ರೂ ನಿಮ್ಮವ್ವನಂಗ ಮಾಡಾಕ ನನಗ ಬರವಲ್ದು ನೋಡು. ಆ ರುಚಿ ನನ್ನ ಕೈಯಾಗಿಲ್ಲ."

ಹುಡುಗಿ ಲೋಟ ಕೆಳಗಿಟ್ಟಳು. ಮೆಲ್ಲಗೆ ಹೇಳಿದಳು.

"ಹಂಗಲ್ರಿ... ಅದು ಥೇಟ್ ಅವ್ವ ಮಾಡಿದಂಗ ಐತಿ."

"ಮತ್ತ ಯಾಕ ತಿನ್ನವಲ್ಲಿ?"

"ಅವ್ವನ ದನಿ ನನಗ ಮರ್ತು ಹೋಗೇತ್ರಿ ಆಂಟಿ. ಎಷ್ಟ್ ನೆನಸಿದ್ರೂ ಬರವಲ್ದು. ಈ ರುಚಿ ಒಂದ ಉಳದೈತಿ. ನೀವು ಮಾಡಿದ್ದು ತಿಂತಾ ಹೋದ್ರ... ಅದು ನಿಮ್ಮ ರುಚಿ ಆಗಿಬಿಡ್ತೈತಿ. ಆಮ್ಯಾಲೆ ಅವ್ವಂದು ಅಂತ ಏನೂ ಉಳ್ಯಾಂಗಿಲ್ಲ."

ಮಹಾನಂದಾ ನಲ್ಲಿ ನಿಲ್ಲಿಸಿದಳು.

ಇಷ್ಟು ದಿನ ತಾನು ಏನೋ ಕೊಡುತ್ತಿದ್ದೇನೆ ಅಂದುಕೊಂಡಿದ್ದಳು... ಆ ಮಗುವಿನ ಬಳಿ ಉಳಿದಿದ್ದ ಒಂದೇ ಒಂದನ್ನು ಕಿತ್ತುಕೊಳ್ಳುತ್ತಿದ್ದಳು.

ಹುಡುಗಿಯನ್ನು ತಬ್ಬಿಕೊಳ್ಳಲೂ ಅವಳಿಗೆ ಹೆದರಿಕೆಯಾಯಿತು. ಟೋಸ್ಟರನ್ನು ಒರೆಸಿ ಅವಳ ಕೈಗೆ ಕೊಟ್ಟಳು. "ನಿಮ್ಮವ್ವಂದು ಇದು. ನಿನ್ನ ಕಪಾಟಿನ್ಯಾಗ ಇಟ್ಕೋ. ನಾ ಇನ್ನ ಮುಟ್ಟಂಗಿಲ್ಲ."

ಮೂರು ವಾರ ಆ ಮನೆಯಲ್ಲಿ ಯಾರೂ ಸ್ಯಾಂಡ್‌ವಿಚ್ ಮಾತೆತ್ತಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಚಪಾತಿಗೆಂದು ಆಲೂಗಡ್ಡೆ ಪಲ್ಯ ಮಾಡುತ್ತಿದ್ದಾಗ ಸೃಷ್ಟಿ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು. ಕಣ್ಣು ಬಾಣಲೆಯ ಮೇಲೇ ಇತ್ತು.

ಮಹಾನಂದಾ ಅಂಜುತ್ತಲೇ ಕೇಳಿದಳು. "ಇದರಾಗ ಪಿಜ್ಜಾ ಮಾಡೂಣೇನು?"

"ನಿಮಗ ಬರ್ತೈತೇನ್ರಿ?"

"ಬರೂದಿಲ್ಲ. ನಿಮ್ಮವ್ವಗ ಬರ್ತಿತ್ತೇನು?"

ಸೃಷ್ಟಿ ಯೋಚಿಸಿದಳು. "ಇಲ್ರಿ. ಅವ್ವ ಒಮ್ಮೇನೂ ಮಾಡಿಲ್ಲ."

"ಹಂಗಾರ ಮಾಡೂಣ ನಡಿ."

ಮನೆಯಲ್ಲಿ ಓವನ್ ಇರಲಿಲ್ಲ. ಮಾಳಿಗೆಯ ಮೇಲೆ ಇದ್ದಿಲ ಒಲೆ ಹೊತ್ತಿಸಿ, ಬದನೆಕಾಯಿ ಸುಡುವ ಕಬ್ಬಿಣದ ಜಾಲರಿ ಇಟ್ಟರು. ಮೊಸರು ಹಾಕಿ ನಾದಿದ ಮೈದಾಹಿಟ್ಟನ್ನು ಸೃಷ್ಟಿಯೇ ತಟ್ಟಿದಳು.

ಮೊದಲನೆಯದು ಜಾಲರಿಯ ಸಂದಿಯಲ್ಲಿ ಜಾರಿ ಕೆಂಡಕ್ಕೆ ಬಿತ್ತು. ಎರಡನೆಯದು ಕರಕಲಾಯಿತು.

ಮೂರನೆಯದನ್ನು ಸರಿಯಾದ ಹೊತ್ತಿಗೆ ತಿರುವಿಹಾಕಿದರು; ಅಂಚು ಮಾತ್ರ ತುಸು ಸುಟ್ಟಿತು. ಮೇಲೆ ಹಸಿರು ಚಟ್ನಿ, ಅದೇ ಪಲ್ಯ, ಈರುಳ್ಳಿ, ಚೀಸ್... ಒಂದು ಪಾತ್ರೆ ಮುಚ್ಚಿ ಕಾದರು.

ಸೃಷ್ಟಿ ಒಂದು ತುಂಡು ಮುರಿದು, ಊದಿ, ಬಾಯಿಗಿಟ್ಟಳು. ಮಹಾನಂದಾ ಅವಳ ಮುಖ ನೋಡಲಾರದೆ ಕೆಂಡ ಕೆದಕುತ್ತ ಕುಳಿತಳು.

ಹುಡುಗಿ ಇನ್ನೊಂದು ತುಂಡು ತೆಗೆದುಕೊಂಡಳು. ಮತ್ತೊಂದು.

"ಅವ್ವ ಇದ್ದಿದ್ರ ಇದನ್ನ ಭಾಳ ತಿಂತಿದ್ಲುರಿ. ಅಕಿಗೆ ಹಿಂಗ ಅಂಚು ಸುಟ್ಟಿದ್ದ ಸೇರ್ತಿತ್ತು..."

ಅಷ್ಟು ಹೇಳಿ ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟಳು. ಎರಡು ವರ್ಷ ಯಾರ ಮುಂದೆಯೂ ಅಳದ ಹುಡುಗಿ ಮಹಾನಂದಾಳ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಅಳಬೇಡ ಎಂದು ಮಹಾನಂದಾ ಹೇಳಲಿಲ್ಲ. ತನ್ನ ಕಣ್ಣೊರೆಸಿಕೊಂಡು, ಹುಡುಗಿಯ ಬೆನ್ನ ಮೇಲೆ ಕೈಯಿಟ್ಟು ಕೇಳಿದಳು.

"ಇನ್ನೂ ಹೇಳವ್ವ... ನಿಮ್ಮವ್ವಗ ಮತ್ತೇನೇನು ಸೇರ್ತಿತ್ತು?"

ಒಲೆಯ ಕೆಂಡವೆಲ್ಲ ಬೂದಿಯಾಗುವವರೆಗೆ ಸೃಷ್ಟಿ ಹೇಳುತ್ತಲೇ ಇದ್ದಳು...

*

ಹೋದವರ ಜಾಗವನ್ನು ತುಂಬಲು ಹೋಗಬೇಡಿ... ಅದರ ಪಕ್ಕದಲ್ಲಿ ಸ್ವಲ್ಪ ಜಾಗ ಮಾಡಿಕೊಂಡು ಕುಳಿತರೆ ಸಾಕು.

ನಿಮ್ಮ ಮನೆಯಲ್ಲೂ ಯಾರಾದರೂ ಸುಮ್ಮನೆ ತಟ್ಟೆ ಸರಿಸಿ ಎದ್ದು ಹೋಗುತ್ತಿದ್ದಾರೆಯೇ? ಏಕೆಂದು ಒಮ್ಮೆಯಾದರೂ ಕೇಳಿದ್ದೀರಾ?