ಮಡಿನೀರು

ಹುಡುಗಿಯ ಅಕ್ಕ ಮನೋವೈದ್ಯರ ಮಾತ್ರೆ ನುಂಗುತ್ತಾಳೆಂದು ತಿಳಿದದ್ದೇ ತಡ, ಆಚಾರ್ಯರು ಮಗನ ನಿಶ್ಚಿತಾರ್ಥ ಮುರಿದರು.

"ತಲೆ ಕೆಡೋದು ಆಚಾರ ಬಿಟ್ಟವರಿಗೆ. ನಮ್ಮ ಮಠದವರಲ್ಲಿ ಒಬ್ಬರನ್ನ ತೋರಿಸಿ ನೋಡೋಣ!"

ಮರುವಾರ ಅದೇ ಮಹಾನುಭಾವರು, ಮೂರು ತಿಂಗಳಿಂದ ಗೋಡೆಯ ಜೊತೆ ಮಾತಾಡುತ್ತಿದ್ದ ಹೆಂಡತಿಗೆ ಮುಖ ಮುಚ್ಚುವಂತೆ ಶಾಲು ಹೊದಿಸಿ, ಗುರುತಿನವರಿಲ್ಲದ ದೂರದ ಊರಿನ ಮನೋವೈದ್ಯರಲ್ಲಿಗೆ ಕರೆತಂದರು.

ನರ್ಸ್ ಮಾತ್ರೆಯನ್ನೂ ನೀರಿನ ಲೋಟವನ್ನೂ ಚಾಚಿದಳು. ಆಚಾರ್ಯರು ಮಾತ್ರೆ ಇಸಿದುಕೊಂಡರು. ಲೋಟ ಕಂಡು ಮಾತ್ರ ಹುಳ ಕಂಡವರಂತೆ ಹಿಂದೆ ಸರಿದರು.

"ಥೂ! ನಾವು ಮಡಿಯಲ್ಲಿ ಸೇದಿದ ನೀರೇ ಕುಡಿಯೋದು. ನಿನಗೆಲ್ಲಿ ಗೊತ್ತಾಗತ್ತೆ ಅದೆಲ್ಲ!"

ನರ್ಸ್ ಅವರ ಹಣೆಯ ಮುದ್ರೆ ನೋಡಿದಳು.

"ಗೊತ್ತು ಸ್ವಾಮಿ. ನಿಮ್ಮ ಮಠದವರಿಗೆ ಅಂತಲೇ ದಿನಾ ಎರಡು ಕೊಡ ಮಡಿನೀರು ತರಿಸಿಡ್ತೀವಿ. ಇವತ್ತು ಹತ್ತು ಗಂಟೆಗೇ ಖಾಲಿಯಾಯ್ತು."