ತಾರಸಿಯ ಹೊಸ ಅಕ್ಕಿ

ಪೆರುಂಗುಡಿಯ ಆಫೀಸ್ ಕ್ಯಾಂಟೀನಿನಲ್ಲಿ ಬಿಸಿ ಅನ್ನದ ಹಬೆ ಮುಖಕ್ಕೆ ಬಡಿದರೆ ಸಾಕು, ಚಿಕ್ಕವಳಿದ್ದಾಗಿನ ತಾಂಬರಂ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಕುಂದಾಪುರದಿಂದ ಬಂದಿದ್ದ ಅಜ್ಜಿ ತಾರಸಿಯ ಹಳೇ ಡ್ರಮ್ಮಿನಲ್ಲಿ ನನ್ನ ಕೈಯಿಂದಲೇ ಭತ್ತದ ಸಸಿ ನೆಡಿಸಿದ್ದರು. ಕೆಸರೆಂದು ಮೂಗು ಮುರಿದಿದ್ದ ನಾನೇ, ತೆನೆ ಬಂದ ಮೇಲೆ ತಟ್ಟೆ ಬಡಿದು ಗಿಳಿಗಳನ್ನು ಓಡಿಸುತ್ತ ಬಿಸಿಲಲ್ಲಿ ಕೂತಿದ್ದೆ. ಸಿಕ್ಕಿದ್ದು ಒಂದು ಹಿಡಿ ಅಕ್ಕಿ. ಅಮ್ಮ ಅದನ್ನು ಅಂಗಡಿ ಅಕ್ಕಿಗೆ ಬೆರೆಸಿ ಬೇಯಿಸಿದಳು.

ನಮ್ಮಲ್ಲಿ ಹೊಸ ಅಕ್ಕಿಯ ಅನ್ನ ಬಾಯಿಗಿಡುವ ಮೊದಲು ‘ಹೊಸ್ತು ಉಣ್ಣುತ್ತೇನೆ’ ಎಂದು ಹಿರಿಯರ ಒಪ್ಪಿಗೆ ಕೇಳಬೇಕು. ನಾನು ಕೇಳುವಷ್ಟರಲ್ಲಿ ಅಜ್ಜಿಯೇ ನನ್ನತ್ತ ತಿರುಗಿ ಕೈಮುಗಿದರು.

“ನೆಟ್ಟದ್ದ್ ನೀನಲ್ದಾ? ಇವತ್ತ್ ನೀನೇ ದೊಡ್ಡೋಳ್. ಹೊಸ್ತ್ ಉಣ್ತೆ, ಮಗಾ.”

ನಾನು ಬೆನ್ನು ನೆಟ್ಟಗೆ ಮಾಡಿ ತಮಿಳಲ್ಲೇ ಉಣ್ಣಲು ಅಪ್ಪಣೆ ಕೊಟ್ಟೆ: “ಸಾಪ್ಪುಡುಂಗ ಅಜ್ಜಿ.” ಆಮೇಲೆ, ತಟ್ಟೆಯಲ್ಲಿ ಅನ್ನ ಬಿಟ್ಟರೆ ನನ್ನನ್ನು ಗದರುವ ಅವರದೇ ದನಿಯಲ್ಲಿ, “ಒಂದಗುಳೂ ಬಿಡೂಕಾಗ!”